ಎಡಗಡೆಯ ಬೋಲ್ಟ್

ಆರು ಇಪ್ಪತ್ತಕ್ಕೆ ಅಪ್ಪ ಕಾಫಿ ಕುಡಿದರು. ಆರೂವರೆಗೆ ಉಪಕರಣಗಳ ಚೀಲವನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದರು. ಆರು ಮೂವತ್ತೈದಕ್ಕೆ ಚೀಲವನ್ನು ಸ್ಕೂಟರಿನ ಕೊಕ್ಕೆಗೆ ನೇತುಹಾಕಿದರು. ಆರು ನಲವತ್ತಕ್ಕೆ ಕೆಳಮನೆಯ ಮುಸರ್ರತ್ ಕೂಗಿಕೊಂಡರು.

ತಂದೆಯ ಎರಡು ಕಾಲುಗಳ ಹೆಬ್ಬೆರಳುಗಳನ್ನು ಬಿಳಿಯ ಬಟ್ಟೆಯ ಪಟ್ಟಿಯಿಂದ ಸೇರಿಸಿ ಕಟ್ಟುತ್ತ ತೇಜಸ್ವಿನಿ ಈ ಕ್ರಮವನ್ನು ಮನಸ್ಸಿನಲ್ಲಿ ಮೂರನೆಯ ಸಲ ಜೋಡಿಸಿದಳು. ಮೂವತ್ತೈದಕ್ಕೂ ನಲವತ್ತಕ್ಕೂ ನಡುವಿನ ಐದು ನಿಮಿಷಗಳಲ್ಲಿ ಏನಾಯಿತೆಂಬುದು ಮಾತ್ರ ಅವಳಿಗೆ ಇನ್ನೂ ತಿಳಿದಿರಲಿಲ್ಲ.

"ಬಿಗಿಯಾಗಿ ಕಟ್ಟವ್ವ, ದಾರೀಲಿ ಬಿಚ್ಕೊಂಡಾತು," ಎಂದರು ದೊಡ್ಡಪ್ಪ ಮುನಿಯಲ್ಲಪ್ಪ.

ಅವಳು ಗಂಟನ್ನು ಬಿಚ್ಚಿ ಮತ್ತೊಮ್ಮೆ ಕಟ್ಟಿದಳು.

೨೦೧೪ರ ನವೆಂಬರ್ ಹದಿನೈದು, ಶನಿವಾರ. ಅವಳ ತಂದೆ ಸುಬ್ರಮಣಿಗೆ ಅರವತ್ತೊಂದು ವರ್ಷ. ಯಶವಂತಪುರದ ಒಂದು ಗ್ಯಾರೇಜಿನಲ್ಲಿ ಸ್ಕೂಟರುಗಳ ಕೆಳಗೆ ಅರ್ಧ ಆಯುಷ್ಯ ಕಳೆದು, ಆಮೇಲಿನ ಹದಿನೆಂಟು ವರ್ಷ ಆರ್.ಟಿ. ನಗರದಲ್ಲಿ ವಾಷಿಂಗ್ ಮೆಷಿನ್ ರಿಪೇರಿ ಮಾಡಿಕೊಂಡಿದ್ದವರು. ಅವರ ಬಾಡಿಗೆ ಮನೆ ಮೊದಲ ಮಹಡಿಯಲ್ಲಿತ್ತು. ಮೆಟ್ಟಿಲು ಇಕ್ಕಟ್ಟಾದುದರಿಂದ ದೇಹವನ್ನು ಮೇಲೆ ಒಯ್ಯುವುದು ಕಷ್ಟವೆಂದು ಕಂಡು, ಮನೆಯ ಮಾಲಕಿ ಮುಸರ್ರತ್ ತಮ್ಮ ಪೋರ್ಟಿಕೋದಲ್ಲಿದ್ದ ಹೂಕುಂಡಗಳನ್ನು ತಾವೇ ಸರಿಸಿ, ನೆಲ ತೊಳೆದು, ಜಾಗ ಮಾಡಿಕೊಟ್ಟಿದ್ದರು. ಬೀದಿಯ ಕೊನೆಯ ಕ್ಲಿನಿಕ್ಕಿನಿಂದ ಬಂದ ಡಾಕ್ಟರು ನಾಡಿ ನೋಡಿ, ಎರಡು ವರ್ಷದ ಹಿಂದಿನ ಇಸಿಜಿ ಕಾಗದ ತಿರುವಿ, "ಹೃದಯ ಆವಾಗಲೇ ದಣಿದಿತ್ತಮ್ಮ. ಹಾಸಿಗೆಯಲ್ಲಿ ಮಲಗಿದ್ದರೂ ಇವತ್ತು ಇದೇ ಆಗ್ತಿತ್ತು," ಎಂದು ಹೇಳಿ ಹೋಗಿದ್ದರು. ತೇಜಸ್ವಿನಿ ತಲೆಯಾಡಿಸಿದ್ದಳು, ನಂಬಿರಲಿಲ್ಲ. ಸಮಾಧಾನಕ್ಕಾಗಿ ಆಡಿದ ಮಾತನ್ನು ಪುರಾವೆ ಎಂದು ಎಣಿಸುವುದು ಅವಳ ಅಭ್ಯಾಸವಾಗಿರಲಿಲ್ಲ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿ, ಸೋಲದೇವನಹಳ್ಳಿಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ಸೇರಿ ಅವಳಿಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ.

ಬಂದವರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು.

"ನಮ್ಮ ಮೆಷಿನ್ನು ಸತ್ತೋಗಿದೆ, ಹೊಸದು ತಗೊಳ್ಳಿ ಅಂತ ಕಂಪನಿಯವನು ಬರೆದುಕೊಟ್ಟು ಹೋದ," ಎನ್ನುತ್ತಿದ್ದರು ಮುಸರ್ರತ್. "ಭಾಯ್ ಬಂದ್ರು. ಚೀಟಿ ಓದಿದ್ರು. ಇವನೇನು ಡಾಕ್ಟರಾ, ಸತ್ತಿದೆ ಅಂತ ಬರೆಯೋಕೆ ಅಂತ ಕೇಳಿದ್ರು. ಅದಾಗಿ ಏಳು ವರ್ಷ ಆಯ್ತು. ನಿನ್ನೇನೂ ಒಗೆದಿದೆ."

"ನಮ್ಮನೆಗೆ ಬಂದರೆ ನಮ್ಮನ್ನ ವಿಚಾರಿಸ್ತಿರಲಿಲ್ಲ," ಎಂದರು ಎದುರುಮನೆಯವರೊಬ್ಬರು. "ಅಮ್ಮ ಹೇಗಿದ್ದಾರೆ ಅಂತಿದ್ರು. ನಮ್ಮಮ್ಮನ್ನ ಕೇಳ್ತಿದ್ದಾರೆ ಅಂತ ನೋಡಿದ್ರೆ, ಕೇಳ್ತಿದ್ದಿದ್ದು ಮೆಷಿನ್ನನ್ನ."

ಯಾರೋ ನಕ್ಕು, ಕೂಡಲೇ ಕೆಮ್ಮಿದಂತೆ ಮಾಡಿದರು.

ಹತ್ತೂಕಾಲಿಗೆ ಗೇಟಿನ ಮುಂದೆ ಬಿಳಿಯ ಕಾರೊಂದು ನಿಂತಿತು. ಸಹಕಾರನಗರದ ಗೌರಮ್ಮ, ಮಗ ಚನ್ನಕೇಶವನ ಕೈ ಹಿಡಿದು, ಮಂಡಿಯನ್ನು ಸವರಿಕೊಳ್ಳುತ್ತ ಇಳಿದರು. ಕೊಡಿಗೇಹಳ್ಳಿಯ ಹಳೆಯ ಒಕ್ಕಲು ಮನೆತನ ಅವರದು. ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಮಗ ಮನೆ ಕಟ್ಟಿಸಿ ಮಾರುತ್ತಿದ್ದ. ಸುಬ್ರಮಣಿ ಕೊನೆಯದಾಗಿ ಕೆಲಸ ಮಾಡಿದ್ದು ಅವರ ಮನೆಯಲ್ಲಿ, ಮೊನ್ನೆ ಗುರುವಾರ. ಗೌರಮ್ಮ ಪಾದಕ್ಕೆ ಹೂವು ಹಾಕಿ, ಸುಬ್ರಮಣಿಯ ಹೆಂಡತಿ ರಾಣಿಯ ಪಕ್ಕದಲ್ಲಿ ಕುಳಿತು, ಅವಳ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

"ನಂದೇ ತೆಪ್ಪು ಕಣವ್ವ," ಎಂದರು. "ನೆನ್ನೆ ಸಂಜೆ ನಾನೇ ಪೋನ್ ಮಾಡಿದ್ದು. ಗುರುವಾರ ರಿಪೇರಿ ಆತು, ಸುಕ್ರವಾರ ಬಟ್ಟೆ ಆಕಿದ್ರೆ ಮೆಸಿನ್ನು ದಡದಡ ಅಂತ ಕುಣ್ಕೊಂಡು ಒಂದು ಮೊಳ ಮುಂದಕ್ ಬಂದ್ಬುಡ್ತು. ನಾನು ಸುಮ್ಕಿದ್ದಿದ್ರೆ ಈ ಮನುಸ್ಯ ಇಷ್ಟೊತ್ತಾರೆ ಎದ್ದು ಓಗ್ತಿದ್ನಾ?"

"ಹಾಗೆಲ್ಲ ಅನ್ಕೋಬೇಡಿ ಗೌರಮ್ಮನೋರೆ," ಎಂದಳು ರಾಣಿ.

ತೇಜಸ್ವಿನಿ ಕಾಲಿನ ಬಳಿ ಕುಳಿತೇ ಇದ್ದಳು. ಕ್ರಮ ಈಗ ಒಂದು ದಿನ ಹಿಂದಕ್ಕೆ ಬೆಳೆಯಿತು. ಬೋಲ್ಟ್ ಸಡಿಲವಾಯಿತು, ಮೆಷಿನ್ ಕುಣಿಯಿತು, ಫೋನ್ ಬಂತು. ಅಪ್ಪ ಬೆಳಗಿನ ಚಳಿಯಲ್ಲಿ ಚೀಲ ಹೊತ್ತು ಇಳಿದರು. ಆ ಬೋಲ್ಟನ್ನು ಬಿಗಿದವಳು ಅವಳು.

*

ಗುರುವಾರ ಕಾಲೇಜಿಗೆ ರಜೆ ಹಾಕಿ ಅಪ್ಪನ ಜೊತೆ ಹೋಗಿದ್ದಳು. ಎಂಟು ತಿಂಗಳಿಂದ ಅವರ ಬಲಗೈ ನಡುಗುತ್ತಿತ್ತು. ಸ್ಪ್ಯಾನರ್ ಹಿಡಿದರೆ ಬೋಲ್ಟಿನ ತಲೆಗೆ ಟಕಟಕ ಎಂದು ಬಡಿದು, ಕೂರಲು ಎರಡು ಮೂರು ಸಲ ಬೇಕಾಗುತ್ತಿತ್ತು.

ಗೌರಮ್ಮನ ಮೆಷಿನ್ ಹದಿಮೂರು ವರ್ಷದ್ದು, ಮುಂದಿನಿಂದ ಬಟ್ಟೆ ಹಾಕುವಂಥದ್ದು. ಹಿತ್ತಲಿನ ಶೀಟಿನ ಮಾಡಿನ ಕೆಳಗೆ, ಗೋಡೆಯ ಮೂಲೆಗೆ ಸೇರಿಸಿ ಇಟ್ಟಿದ್ದರು. ಒಳಗಿನ ದೊಡ್ಡ ಟಬ್ ಮೇಲೆ ಎರಡು ಸ್ಪ್ರಿಂಗುಗಳಿಗೆ ತೂಗುಬಿದ್ದಿರುತ್ತದೆ. ಕೆಳಗಿನಿಂದ ಎರಡು ಶಾಕ್ ಅಬ್ಸಾರ್ಬರುಗಳು, ಎಡಕ್ಕೊಂದು ಬಲಕ್ಕೊಂದು, ಅದನ್ನು ತಳದ ಚೌಕಟ್ಟಿಗೆ ಹಿಡಿದಿರುತ್ತವೆ. ಸ್ಪ್ರಿಂಗು ತೂಗಲು ಬಿಡುತ್ತದೆ, ಶಾಕ್ ಅಬ್ಸಾರ್ಬರು ಆ ತೂಗಾಟವನ್ನು ದಣಿಸಿ ನಿಲ್ಲಿಸುತ್ತದೆ. ಸುಬ್ರಮಣಿ ಬಿಚ್ಚಿದ ಹಳೆಯದನ್ನು ಮಗಳ ಕೈಗೆ ಕೊಟ್ಟರು. ಕಡ್ಡಿಯನ್ನು ಎಳೆದರೆ ಎಳೆದಷ್ಟೂ ಬಂತು. ಬಿಟ್ಟರೆ ತಾನಾಗಿಯೇ ಒಳಗೆ ಜಾರಿತು.

"ಹೊಸದನ್ನ ಎಳೆದು ನೋಡು," ಎಂದರು.

ಎರಡು ಕೈಯಲ್ಲಿ ಎಳೆದರೂ ಅದು ಬಿಗುಮಾನದಿಂದ, ಒಂದೊಂದೇ ಅಂಗುಲ ಬಂತು.

"ಸಾಕಬ್ಸರು ಅಂದ್ರೆ ನಮ್ಮ ಕೇಸವನ ಕಾರಲ್ಲಿ ಐತಲ್ಲ, ಅದೇನಾ?" ಎಂದು ಗೌರಮ್ಮ ಮೆಟ್ಟಿಲ ಮೇಲೆ ಕುಳಿತು ವಿಚಾರಿಸಿದರು.

"ಅದರ ತಮ್ಮ ಇದು, ಅಮ್ಮ. ಗಾಡಿಗೆ ಹೊಸದು ಹಾಕಿಸಿದ ಹಾಗೇ ಅಂತ ತಿಳ್ಕೊಳ್ಳಿ."

"ಒಂದು ತಾನೇ ಓಗಿರೋದು? ಒಂದೇ ಆಕಿದ್ರೆ ಆಗಾಕಿಲ್ವ?"

"ಒಂದು ಕಾಲಿಗೆ ಹೊಸ ಚಪ್ಪಲಿ, ಇನ್ನೊಂದಕ್ಕೆ ಹಳೇದು ಹಾಕ್ಕೊಂಡು ನಡೀತೀರಾ? ಇವು ಜೋಡಿ." ನಡುಗುವ ಕೈಯನ್ನು ಎತ್ತಿ ತೋರಿಸಿ, "ಇಲ್ಲಿ ನೋಡಿ, ನಂದೇ ಸವೆದಿದೆ. ಇದಕ್ಕೆ ಯಾವ ಅಂಗಡೀಲೂ ಸ್ಪೇರ್ ಸಿಗಲ್ಲ," ಎಂದು ನಕ್ಕರು.

ಬಲಗಡೆಯದನ್ನು ಅವರೇ ಕೂರಿಸಿದರು. ಎಡಗಡೆ ಗೋಡೆಯ ಸಂದಿ. ತೇಜಸ್ವಿನಿ ಗೋಣಿಚೀಲ ಹಾಸಿಕೊಂಡು ಒರಗಿ, ಹದಿಮೂರು ಮಿ.ಮೀ. ಅಳತೆಯ ಸ್ಪ್ಯಾನರಿನಿಂದ ಕೆಳಗಿನ ಬೋಲ್ಟನ್ನು ಬಿಗಿದಳು. ಕೈ ನೋಯುವವರೆಗೆ ಬಿಗಿದಳು.

"ಕೊಡು, ಒಂದ್ಸಲ ನಾನು ನೋಡ್ತೀನಿ," ಎಂದು ಸುಬ್ರಮಣಿ ಕೈ ಚಾಚಿದರು. ಯಾವ ಬೋಲ್ಟನ್ನಾಗಲಿ ಎರಡು ಸಲ ನೋಡದೆ ಅವರು ಮೇಲೆದ್ದವರಲ್ಲ. ಗ್ಯಾರೇಜಿನ ದಿನಗಳಿಂದ ಬಂದ ಪದ್ಧತಿ.

"ಸಾಕಪ್ಪ, ಸರಿಯಾಗಿದೆ. ಎಷ್ಟು ಸಲ ನೋಡ್ತೀರಾ?"

ಅವಳ ಮಾತಿನಲ್ಲಿ ಸಿಡುಕಿತ್ತು. ಆ ಕೈ ಮತ್ತೆ ಬೋಲ್ಟಿನ ತಲೆಗೆ ಬಡಿಯುವ ಸದ್ದನ್ನು ಕೇಳಲಾರದ ಸಿಡುಕು. ಆದರೆ ಕೇಳಿದವರಿಗೆ ಅದು ಬರೀ ಸಿಡುಕು. ಸುಬ್ರಮಣಿಯ ಕೈ ಅರ್ಧಕ್ಕೆ ನಿಂತಿತು. ಹಿಂದಕ್ಕೆ ಹೋಗಿ ಜೇಬಿನೊಳಗೆ ಸೇರಿತು.

ಕೊನೆಗೆ, ಎಂದಿನಂತೆ, ಚೀಲದಿಂದ ಸ್ಟೀಲ್ ಲೋಟವನ್ನು ತೆಗೆದು, ಅಂಚಿನವರೆಗೆ ನೀರು ತುಂಬಿ, ಮೆಷಿನ್ನಿನ ನೆತ್ತಿಯ ಮೇಲಿಟ್ಟು ಚಾಲೂ ಮಾಡಿದರು. ಬಟ್ಟೆ ಹಿಂಡುವ ವೇಗ ಏರಿತು, ತುತ್ತತುದಿಗೆ ಮುಟ್ಟಿತು, ಇಳಿಯಿತು. ಒಂದು ಹನಿಯೂ ಚೆಲ್ಲಲಿಲ್ಲ. ಆ ನೀರನ್ನು ಗೌರಮ್ಮನ ತುಳಸಿಗೆ ಸುರಿದು ಹೊರಟರು.

ಆದರೆ ಗುರುವಾರದ ಲೋಟ ಗುರುವಾರದ ಮಾತನ್ನಷ್ಟೇ ಹೇಳುತ್ತದೆ.

*

ಸೋಲದೇವನಹಳ್ಳಿಯಲ್ಲಿ ವಂಶದ ಜಾಗವಿತ್ತು. ಮಣ್ಣು ಅಲ್ಲೇ ಎಂದು ನಿರ್ಧಾರವಾಯಿತು. ತಮ್ಮನಿಗೆ ಅಣ್ಣ ಕ್ರಿಯೆ ಮಾಡುವ ಹಾಗಿಲ್ಲ, ಗಂಡುಮಕ್ಕಳಿಲ್ಲ, ಯಾರನ್ನು ಕರೆಯುವುದೆಂದು ಮುನಿಯಲ್ಲಪ್ಪ ನಾಲ್ಕು ಹೆಸರು ಹೇಳಿದರು. ನಾಲ್ಕಕ್ಕೂ ರಾಣಿ ಬೇಡವೆಂದು ತಲೆಯಾಡಿಸಿ, "ತೇಜು ಮಾಡ್ತಾಳೆ ಭಾವ. ಅವರ ಜೊತೆ ಕೆಲಸಕ್ಕೆ ಹೋಗ್ತಿದ್ದೋಳು ಅವಳೇ," ಎಂದಳು. ಮುನಿಯಲ್ಲಪ್ಪ ಮೀಸೆಯನ್ನು ಒರೆಸಿಕೊಂಡು, "ಆಗ್ಲಿ, ಮಡಕೆ ಬಾರ ಇರ್ತದೆ, ನೋಡ್ಕೊಂಡು ಇಡ್ಕೊಳ್ಲಿ," ಎಂದರು.

ಹೊರಡುವಾಗ ಮುಸರ್ರತ್ ರಾಣಿಯ ಬಳಿ ಬಂದರು. "ದೀಪ ಇಲ್ಲೇ ಹಚ್ಚಿ. ಅವರು ಮಲಗಿದ್ದ ಜಾಗದಲ್ಲೇ. ನೀವು ಬರೋವರೆಗೂ ಆರದ ಹಾಗೆ ನಾನು ನೋಡ್ಕೋತೀನಿ. ಎಣ್ಣೆ ಎಷ್ಟು ಹೊತ್ತಿಗೆ ಹಾಕ್ಬೇಕು, ಅಷ್ಟು ಹೇಳಿ."

ಗುಂಡಿಯ ಸುತ್ತ ತೇಜಸ್ವಿನಿ ಮಡಕೆ ಹೊತ್ತು ಮೂರು ಸುತ್ತು ನಡೆದಳು. ಸುತ್ತಿಗೊಂದರಂತೆ ದೊಡ್ಡಪ್ಪ ಕುಡುಗೋಲಿನ ತುದಿಯಿಂದ ಮಡಕೆಗೆ ತೂತು ಮಾಡಿದರು. ಮೇಲಿನ ತೂತಿನ ನೀರು ಬೆನ್ನಿಗೆ ಅಂಟಿಕೊಂಡೇ ಇಳಿಯಿತು, ಕೆಳಗಿನದು ದೂರಕ್ಕೆ ಚಿಮ್ಮಿತು. ನೀರು ಆಳವಾದಷ್ಟೂ ಒತ್ತಡ ಹೆಚ್ಚು, ಅದು ಹಾಗೆಯೇ ಆಗಬೇಕು ಎಂದು ಅವಳಿಗೆ ಗೊತ್ತಿತ್ತು. ಹೀಗೆಯೇ ಆಗಬೇಕೆಂದು ಗೊತ್ತಿರುವ ಒಂದು ಸಂಗತಿ ಆ ಹೊತ್ತಿನಲ್ಲಿ ಕೈಗೆ ಸಿಕ್ಕಿದ್ದು ಅವಳಿಗೆ ಆಸರೆಯಾಯಿತು. ಮಡಕೆಯನ್ನು ಹಿಂದಕ್ಕೆ ಬಿಟ್ಟಳು. ತಿರುಗಿ ನೋಡಬಾರದೆಂದಿದ್ದರು, ನೋಡಲಿಲ್ಲ.

*

ಅವಳಿಗೆ ಆರು ವರ್ಷವಿದ್ದಾಗ ಮನೆಗೆ ಒಂದು ಹಳೆಯ ಮೆಷಿನ್ ಬಂದಿತ್ತು. ಯಾರೋ ಗುಜರಿಗೆ ಹಾಕಲಿದ್ದುದನ್ನು ಸುಬ್ರಮಣಿ ಕೇಳಿ ತಂದಿದ್ದರು. ರಾಣಿಗೆ ಸೋಪಿನ ಪುಡಿ ಒಗ್ಗದೆ, ಬಟ್ಟೆ ಒಗೆದ ದಿನ ಬೆರಳ ಸಂದಿ ಬಿರಿಯುತ್ತಿತ್ತು. ಅದಕ್ಕೇ ಅವರು ಗ್ಯಾರೇಜ್ ಬಿಟ್ಟು ಈ ಕೆಲಸ ಕಲಿತದ್ದು ಎಂದು ಅವಳು ಬಹಳ ವರ್ಷಗಳ ಮೇಲೆ ಅಮ್ಮನಿಂದ ತಿಳಿದಳು. ಅವರು ಎಂದೂ ಹೇಳಿದವರಲ್ಲ.

ಆ ಮೆಷಿನ್ನಿನ ಬಾಗಿಲು ತೆರೆದು ಅವಳ ಪುಟ್ಟ ಅಂಗೈಯನ್ನು ಡ್ರಮ್ಮಿನ ತುಟಿಯ ಮೇಲಿಟ್ಟು, "ಒತ್ತು. ಈಗ ಬಿಡು," ಎಂದಿದ್ದರು.

ಡ್ರಮ್ಮು ಎದ್ದಿತು, ಇಳಿಯಿತು, ಮತ್ತೆ ಎದ್ದಿತು.

"ಎಷ್ಟು ಸಲ?"

"ನಾಲ್ಕು."

"ಒಂದೇ ಸಲ ಎದ್ದು ನಿಲ್ಲಬೇಕು. ನಾಲ್ಕು ಸಲ ಅಂದ್ರೆ ಇದನ್ನ ಹಿಡಿಯೋರು ಯಾರೂ ಇಲ್ಲ."

ಕಾಲೇಜಿನಲ್ಲಿ ಮೇಷ್ಟರು ಬೋರ್ಡಿನ ಮೇಲೆ ಕುಗ್ಗುತ್ತ ಹೋಗುವ ಅಲೆಯೊಂದನ್ನು ಬರೆದು ಸಮೀಕರಣ ವಿವರಿಸಿದಾಗ, ತರಗತಿಯಲ್ಲಿ ಅಂಗೈ ಬೆಚ್ಚಗಾದವಳು ಅವಳೊಬ್ಬಳೇ. ಆ ಸಂಜೆ ಅಪ್ಪನಿಗೆ ಅದನ್ನು ಹಾಳೆಯ ಮೇಲೆ ಬರೆದು ತೋರಿಸಿದಳು. ಅವರು ಅಲೆಯ ಗೆರೆಯ ಮೇಲೆ ಬೆರಳಾಡಿಸಿ, "ಇದು ಸವೆದ ಮೆಷಿನ್ನು. ಒಳ್ಳೇದನ್ನ ಬರಿ," ಎಂದರು. ಅವಳು ಒಂದೇ ಏರು, ಒಂದೇ ಇಳಿತ ಬರೆದಳು. "ಹ್ಞಾ," ಎಂದು ಅದನ್ನು ಕತ್ತರಿಸಿ ತಮ್ಮ ಕೆಲಸದ ಡೈರಿಯ ರಟ್ಟಿನೊಳಗೆ ಅಂಟಿಸಿಕೊಂಡರು.

*

ಸ್ನಾನ ಮುಗಿಸಿ ಎಲ್ಲರೂ ಆರ್.ಟಿ. ನಗರಕ್ಕೆ ಮರಳಿದಾಗ ನಾಲ್ಕು ಇಪ್ಪತ್ತು. ಪೋರ್ಟಿಕೋದಲ್ಲಿ ದೀಪ ನೆಟ್ಟಗೆ ಉರಿಯುತ್ತಿತ್ತು. ಅದರ ಗಾಳಿಯ ಕಡೆಗೆ ಮುಸರ್ರತ್ ಒಂದು ಹೂಕುಂಡವನ್ನು ಅಡ್ಡ ಇಟ್ಟು, ಪಕ್ಕದಲ್ಲಿ ಬೆತ್ತದ ಸ್ಟೂಲಿನ ಮೇಲೆ ಕುಳಿತಿದ್ದರು. ಬಂದವರು ಒಬ್ಬೊಬ್ಬರಾಗಿ ದೀಪ ನೋಡಿ, ಹೋಗಿಬರುತ್ತೇವೆ ಎನ್ನದೆ ಹೊರಟರು. ಸಾವಿನ ಮನೆಯಲ್ಲಿ ಆ ಮಾತು ಆಡುವಂತಿಲ್ಲ.

ತೇಜಸ್ವಿನಿ ಮುಸರ್ರತ್ ಪಕ್ಕದಲ್ಲಿ ಕುಳಿತಳು.

"ಆಂಟಿ, ಸ್ಕೂಟರ್ ಹತ್ತಿರ ಬಂದಮೇಲೆ ಐದು ನಿಮಿಷ ಆಗಿದೆ. ಆಗ ಅಪ್ಪ ಏನು ಮಾಡ್ತಿದ್ರು?"

"ನನ್ನ ಜೊತೆ ಮಾತಾಡ್ತಿದ್ರು ಬೇಟಾ. ಹಾಲಿಗೆ ಅಂತ ಬಾಗಿಲು ತೆಗೆದೆ. ಇಷ್ಟು ಬೆಳಗ್ಗೆ ಎಲ್ಲಿಗೆ ಭಾಯ್ ಅಂದೆ. ಸಹಕಾರನಗರದ ಅಜ್ಜಿ ಮನೇಲಿ ಮೆಷಿನ್ನು ಊರು ಸುತ್ತೋಕೆ ಹೊರಟಿದೆ, ಬಸ್ ಹತ್ತೋಕೆ ಮುಂಚೆ ಹಿಡ್ಕೊಂಡು ಬರ್ತೀನಿ ಅಂದ್ರು. ನಗ್ತಾ ಇದ್ರು. ಆಮೇಲೆ ಸ್ವಲ್ಪ ನೀರು ಕೊಡಿ ಅಂತ ಮೆಟ್ಟಿಲ ಮೇಲೆ ಕೂತ್ರು. ನಾನು ತಗೊಂಡು ಬಂದೆ." ಮುಸರ್ರತ್ ದೀಪದ ಕಡೆ ನೋಡಿದರು. "ಲೋಟ ಹಾಗೇ ಇತ್ತು."

ಆ ಐದು ನಿಮಿಷಗಳೂ ಕ್ರಮದಲ್ಲಿ ಕೂತವು. ಅಪ್ಪ ಗಾಬರಿಯಲ್ಲಿ ಹೋದವರಲ್ಲ. ತೇಜಸ್ವಿನಿಯ ಎದೆಯ ಮೇಲಿಂದ ಏನೋ ಅರ್ಧ ಇಳಿಯಿತು. ಇನ್ನರ್ಧ ಸಹಕಾರನಗರದ ಹಿತ್ತಲಿನಲ್ಲಿತ್ತು.

ಅವಳು ಎದ್ದು, ಕಾರಿನ ಬಳಿ ನಿಂತಿದ್ದ ಗೌರಮ್ಮನನ್ನು ಕೇಳಿದಳು. "ನಿನ್ನೆಯಿಂದ ಮೆಷಿನ್ನನ್ನ ಯಾರಾದರೂ ಮುಟ್ಟಿದ್ದೀರಾ?"

"ಇಲ್ಲ ಕಣವ್ವ. ಒದ್ದೆ ಬಟ್ಟೆ ಒಳಗೇ ಅವೆ. ಎಂಗಿತ್ತೋ ಅಂಗೇ ಐತೆ."

"ನಾನು ಈಗಲೇ ಬಂದು ನೋಡಬೇಕು."

"ಏನು?" ಎಂದರು ಮುನಿಯಲ್ಲಪ್ಪ. "ಅಪ್ಪನ ಮಣ್ಣು ಇನ್ನೂ ಅಸಿ ಐತೆ, ನೀನು ಸ್ಪ್ಯಾನರ್ ಇಡ್ಕೊಂಡು ಓಗ್ತೀಯಾ? ಸೂತಕದಾಗೆ ಇನ್ನೊಬ್ರ ಮನೆ ಮೆಟ್ಲು ಅತ್ತಂಗಿಲ್ಲ."

"ಮೆಟ್ಲು ಯಾಕಪ್ಪ ಅತ್ತಬೇಕು?" ಎಂದರು ಗೌರಮ್ಮ. "ಮೆಸಿನ್ನು ಇರೋದು ಇತ್ಲಲ್ಲಿ. ಸಂದೀಲಿ ಬಂದು ಸಂದೀಲಿ ಓಗ್ತಾಳೆ. ಸೂತಕ ನಮ್ಮ ಒಸ್ಲು ನೋಡಾಕಿಲ್ಲ."

ಮುನಿಯಲ್ಲಪ್ಪ ರಾಣಿಯತ್ತ ತಿರುಗಿದರು. ಬಂದಾಗಿನಿಂದ ಒಂದೇ ಕಡೆ ಕುಳಿತಿದ್ದ ರಾಣಿ ಗೇಟಿನತ್ತ ನೋಡುತ್ತಿದ್ದಳು. ಸ್ಕೂಟರಿನ ಕೊಕ್ಕೆಯಲ್ಲಿ ಚೀಲ ಇನ್ನೂ ನೇತಾಡುತ್ತಿತ್ತು. ಇಷ್ಟು ಜನ ಬಂದು ಹೋಗಿದ್ದರೂ ಅದನ್ನು ಇಳಿಸಬೇಕೆಂದು ಯಾರಿಗೂ ತೋಚಿರಲಿಲ್ಲ.

"ಅವರು ಹೊರಟಿದ್ದ ಕೆಲಸ ಅದು ಭಾವ," ಎಂದಳು. "ಅರ್ಧಕ್ಕೆ ಬಿಟ್ಟು ಬಂದವರೇ ಅಲ್ಲ. ಇವಳೂ ಬೆಳಗಿಂದ ಒಂದು ತೊಟ್ಟು ನೀರು ಮುಟ್ಟಿಲ್ಲ. ಹೋಗ್ಲಿ."

ಮುನಿಯಲ್ಲಪ್ಪ ತಾವೇ ಹೋಗಿ ಚೀಲವನ್ನು ಕೊಕ್ಕೆಯಿಂದ ತೆಗೆದು ತಂದುಕೊಟ್ಟರು. "ದೀಪ ಅಚ್ಚೋ ಒತ್ತಿಗೆ ಬಂದ್ಬುಡು," ಎಂದರು.

ಹೆಬ್ಬಾಳದ ಫ್ಲೈಓವರ್ ಮೇಲೆ ಶನಿವಾರದ ಸಂಜೆಯ ವಾಹನಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಚನ್ನಕೇಶವ ಸ್ಟೀರಿಂಗ್ ಮೇಲೆ ಬೆರಳು ಬಡಿಯುತ್ತಿದ್ದ. ಹಿಂದಿನ ಸೀಟಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ತೇಜಸ್ವಿನಿ ಕೇಳಿದಳು: "ಅಜ್ಜಿ, ಫೋನಿನಲ್ಲಿ ಅಪ್ಪ ಏನಂದ್ರು? ಅವರು ಅಂದ ಹಾಗೇ ಹೇಳಿ."

ಗೌರಮ್ಮ ನೆನಪು ಮಾಡಿಕೊಂಡರು. "ಬೋಲ್ಟು ಲೂಸ್ ಆಗೈತೇನೋ ನೋಡಪ್ಪ ಅಂದೆ. ಇಲ್ಲಮ್ಮ, ಎಡಗಡೇದು ನನ್ನ ಮಗಳು ಆಕಿರೋದು, ಅದು ಲೂಸ್ ಆಗಾಕಿಲ್ಲ ಅಂದ. ಬಲಗಡೇದು ಅಂದೆ. ಅದು ನಾನು ಆಕಿದ್ದು, ಬೇಕಾದ್ರೆ ಅದನ್ನ ನೋಡಾನ ಅಂದ. ನಕ್ಕ. ಬೆಳಗ್ಗೆ ಬತ್ತೀನಿ, ಅಲ್ಲಿಗಂಟ ಆನ್ ಮಾಡ್ಬೇಡಿ ಅಂದ."

ತೇಜಸ್ವಿನಿ ಕಿಟಕಿಯ ಕಡೆಗೆ ತಿರುಗಿದಳು. ಅಪ್ಪ ಅವಳ ಕೆಲಸವನ್ನು ನಂಬಿದ್ದರು. ಹಾಗೆಂದು ಬೋಲ್ಟಿಗೆ ಗೊತ್ತಿರಬೇಕಾಗಿಲ್ಲ. ಅದು ಸಡಿಲವಾಗಿದ್ದರೆ, ಆ ನಂಬಿಕೆಯೇ ಇನ್ನು ಮೇಲೆ ಅವಳನ್ನು ಚುಚ್ಚಲು ಉಳಿಯುತ್ತದೆ.

*

ಹಿತ್ತಲಲ್ಲಿ ಇನ್ನೂ ಬೆಳಕಿತ್ತು. ಮೆಷಿನ್ ಗೋಡೆಯಿಂದ ಒಂದು ಮೊಳ ಮುಂದೆ, ಓರೆಯಾಗಿ ನಿಂತಿತ್ತು. ಹಣೆಗೆ ಅರಿಶಿನ, ಕುಂಕುಮ. ತಿರುಗಿಸುವ ಗುಂಡಿಗೆ ಒಣಗಿದ ಸೇವಂತಿಗೆ ಸಿಕ್ಕಿಸಿತ್ತು. ಶುಕ್ರವಾರದ ಪೂಜೆ ಎಂದುಕೊಂಡು ತೇಜಸ್ವಿನಿ ಪ್ಲಗ್ ಕಿತ್ತಳು.

ಮೊದಲು ಒದ್ದೆ ಬಟ್ಟೆಯನ್ನು ಹೊರತೆಗೆದಳು. ಡ್ರಮ್ಮಿನ ತುಟಿಯ ಮೇಲೆ ಅಂಗೈಯಿಟ್ಟು ಒತ್ತಿ, ಬಿಟ್ಟಳು. ಅದು ಒಂದು ಸಲ ಎದ್ದು ನಿಂತಿತು. ಮತ್ತೆ ಒತ್ತಿದಳು. ಒಂದೇ ಸಲ. ಮೂರನೆಯ ಸಲವೂ ಅಷ್ಟೇ. ಆದರೂ ಕೆಳಗಿನ ಬೋಲ್ಟು ಅರ್ಧ ಸುತ್ತು ಬಿಟ್ಟಿದ್ದರೆ ನಿಂತಾಗ ಗೊತ್ತಾಗದೆ, ವೇಗ ಏರಿದಾಗ ಮಾತ್ರ ಗೊತ್ತಾಗಬಹುದು.

"ಅಣ್ಣ, ಬಲಗಡೆಗೆ ವಾಲಿಸಿ ಹಿಡ್ಕೊಳ್ಳಿ," ಎಂದಳು.

ಚನ್ನಕೇಶವ ಅಂಗಿಯ ತೋಳು ಮಡಚಿ ಮೆಷಿನ್ನನ್ನು ಎತ್ತಿ ವಾಲಿಸಿದ. ಅವಳು ಅದೇ ಗೋಣಿಚೀಲ ಹಾಸಿ, ಟಾರ್ಚ್ ಹಿಡಿದು ತಲೆ ತೂರಿಸಿದಳು. ಹೊಸ ಶಾಕ್ ಅಬ್ಸಾರ್ಬರುಗಳು ಎರಡೂ ನೆಟ್ಟಗಿದ್ದವು. ಹದಿಮೂರರ ಸ್ಪ್ಯಾನರನ್ನು ಎಡಗಡೆಯ ಬೋಲ್ಟಿಗೆ ಕೂರಿಸಿದಳು. ಅವಳ ಕೈಯೇ ನಡುಗಿ, ಲೋಹಕ್ಕೆ ಲೋಹ ಟಕಟಕ ಬಡಿಯಿತು. ಹಿಡಿತ ಸರಿಮಾಡಿಕೊಂಡು ತಿರುಗಿಸಿದಳು.

ಬೋಲ್ಟ್ ಅಲುಗಲಿಲ್ಲ.

ಎರಡು ಕೈ ಹಾಕಿ ತಿರುಗಿಸಿದಳು. ಅಲುಗಲಿಲ್ಲ. ಬಲಗಡೆಯದನ್ನು ನೋಡಿದಳು, ಅದೂ ಅಲುಗಲಿಲ್ಲ. ಪದ್ಧತಿಯಂತೆ ಮತ್ತೆ ಎಡಗಡೆಗೆ ಬಂದು ಎರಡನೆಯ ಸಲ ನೋಡಿದಳು. ಆಮೇಲೆ ಗೋಣಿಯ ಮೇಲೆ ಕೆನ್ನೆಯಿಟ್ಟು ಸ್ವಲ್ಪ ಹೊತ್ತು ಹಾಗೆಯೇ ಮಲಗಿದಳು.

"ಸಿಕ್ತಾ? ಬೇಗ ಹೇಳಮ್ಮ, ತೋಳು ಬಿದ್ದೋಗ್ತಿದೆ," ಎಂದ ಚನ್ನಕೇಶವ.

ಆಗ ಅವಳಿಗೆ ಹುಳಿ ವಾಸನೆ ಬಂತು. ಸೋಪಿನದಲ್ಲ, ಉಪ್ಪು ಹಾಕಿಡದೆ ಕೆಟ್ಟ ಉಪ್ಪಿನಕಾಯಿಯಂಥದು. ಟಾರ್ಚನ್ನು ಹಿಂದಿನ ಎಡಗಾಲಿನತ್ತ ತಿರುಗಿಸಿದಳು. ರಬ್ಬರ್ ಕಾಲಿಗೆ ಚಪ್ಪಟೆಯಾದ ಹಳದಿಯ ತುಂಡೊಂದು ಕಚ್ಚಿಕೊಂಡಿತ್ತು. ಬೆರಳಿನಿಂದ ಬಿಡಿಸಿ ಹೊರಗೆ ತಂದಳು. ಜಜ್ಜಿದ ದಪ್ಪ ಸಿಪ್ಪೆ, ನಾಲ್ಕು ಬೀಜ, ಅರ್ಧ ಅಳಿಸಿದ ಕುಂಕುಮದ ಬೊಟ್ಟು.

"ಅಜ್ಜಿ, ಇದೇನು?"

"ನಿಂಬೆಅಣ್ಣು," ಎಂದರು ಗೌರಮ್ಮ, ಇದರಲ್ಲಿ ಕೇಳುವುದೇನಿದೆ ಎಂಬಂತೆ. "ಗಾಡಿಗೆ ಒಸ ಸಾಕಬ್ಸರು ಆಕಿಸ್ದಂಗೆ ಅಂತ ನಿಮ್ಮಪ್ಪನೇ ಅಂದನಲ್ಲ. ಗಾಡಿ ಪೂಜೆಗೆ ಗಾಲಿ ಕೆಳಗೆ ನಿಂಬೆಅಣ್ಣು ಇಡಾಕಿಲ್ವ? ಗಾಡಿಯಾದ್ರೆ ಅತ್ತಿಸ್ಕೊಂಡು ಓಗ್ತದೆ. ಇದು ಓಗಾಕಿಲ್ಲವಲ್ಲ, ಅದ್ಕೇ ಕಾಲಡಿಗೇ ಮಡಗಿದೆ. ಮುಂದ್ಗಡೆ ಮಡಗಿದ್ರೆ ನೆಲ ಒರ್ಸೋಳು ಎತ್ತಿ ಬಿಸಾಕ್ತಾಳೆ ಅಂತ ಇಂದ್ಗಡೆ."

"ಇಷ್ಟು ತೂಕ ಎತ್ತಿದ್ದು ಯಾರು?"

ಗೌರಮ್ಮ ಮಗನನ್ನು ತೋ‍ರಿಸಿದರು.

"ನಾನು ಸೈಟಿಗೆ ಹೊರಟಿದ್ದೆ, ಫೋನ್ ಕಿವೀಲಿತ್ತು," ಎಂದ ಚನ್ನಕೇಶವ, ಮೆಷಿನ್ನನ್ನು ಇಳಿಸುತ್ತ. "ಸ್ವಲ್ಪ ಎತ್ತೋ ಅಂದ್ರು, ಎತ್ತಿದೆ. ಏನಿಟ್ರು ಅಂತ ನೋಡಲೇ ಇಲ್ಲ. ಅಮ್ಮ, ನಿನ್ನೇನೇ ಅವರಿಗೆ ಹೇಳ್ಬಾರ್ದಿತ್ತಾ?"

"ಪೂಜೆ ಮಾಡಿದ್ದನ್ನ ಯಾರಾನ ಕಂಪ್ಲೇಂಟಲ್ಲಿ ಏಳ್ತಾರಾ?"

ನಿಂಬೆಹಣ್ಣು ಜಜ್ಜಿ ಒಂದು ಕಾಲು ನೆಲಕ್ಕೆ ಕೂರದೆ ಮೆಷಿನ್ ಕುಣಿದಿತ್ತು, ಅಷ್ಟೇ. ತೇಜಸ್ವಿನಿಗೆ ನಗು ಬಂತು. ತಡೆದಳು, ತಡೆದಷ್ಟೂ ಏರಿತು. ಗೋಣಿಯ ಮೇಲೆ ಕುಳಿತು, ಕೈಯಲ್ಲಿ ನಿಂಬೆಹಣ್ಣು ಹಿಡಿದುಕೊಂಡು ಬೆಳಗಿನಿಂದ ಬಾರದ ಕಣ್ಣೀರು ಹರಿಯುವವರೆಗೆ ನಕ್ಕಳು. ಚನ್ನಕೇಶವ ಮುಖ ತಿರುಗಿಸಿಕೊಂಡ. ಗೌರಮ್ಮ ಮಾತ್ರ ನಗಲಿಲ್ಲ. ಅವರ ಮುಖ ಸಣ್ಣಗಾಗುತ್ತಿತ್ತು.

"ಅಂಗಾದ್ರೆ ನಂದೇ ಆತಲ್ಲವ್ವ," ಎಂದರು. "ಈ ಅಣ್ಣು ಮಡಗದೆ ಇದ್ದಿದ್ರೆ ಪೋನೂ ಇಲ್ಲ, ಅವ್ನು ಓಗೋದೂ ಇಲ್ಲ."

ತೇಜಸ್ವಿನಿ ಎದ್ದು ಮೆಟ್ಟಿಲ ಬಳಿ ಹೋದಳು. ಮೆಟ್ಟಿಲನ್ನು ಹತ್ತದೆ, ಕೆಳಗೇ ನಿಂತು, ಮುದುಕಿಯ ಮಂಡಿಯ ಮೇಲೆ ಕೈಯಿಟ್ಟಳು.

"ಅಜ್ಜಿ, ಡಾಕ್ಟರು ಹೇಳಿದ್ದಾರೆ. ಹೃದಯ ಎರಡು ವರ್ಷದಿಂದ ದಣಿದಿತ್ತು. ಹಾಸಿಗೆಯಲ್ಲಿ ಮಲಗಿದ್ದರೂ ಇವತ್ತು ಇದೇ ಆಗ್ತಿತ್ತು. ಹಾಸಿಗೆಯಲ್ಲಿ ನಗ್ತಿರಲಿಲ್ಲ. ನಿಮ್ಮ ಮೆಷಿನ್ ಊರು ಸುತ್ತೋಕೆ ಹೊರಟಿದೆ ಅಂತ ನಗ್ತಾ ಇದ್ರಂತೆ."

ಆ ಮಾತುಗಳು ಅವಳದೇ ಬಾಯಿಂದ ಬಂದಾಗ, ಬೆಳಗ್ಗೆ ಕೇಳಿದ್ದಕ್ಕಿಂತ ಬೇರೆಯಾಗಿ ಕೇಳಿಸಿದವು. ಇಸಿಜಿ ಕಾಗದವನ್ನು ಅವಳೂ ನೋಡಿದ್ದಳು. ಆ ಗೆರೆಯನ್ನು ಓದಬಲ್ಲಳು. ಡಾಕ್ಟರು ಸಮಾಧಾನಕ್ಕಾಗಿ ಹೇಳಿದ್ದಲ್ಲ, ಇದ್ದುದನ್ನು ಹೇಳಿದ್ದರು.

ಗೌರಮ್ಮ ಸೆರಗಿನಿಂದ ಮೂಗೊರೆಸಿಕೊಂಡರು. "ನಕ್ಕನಾ?"

"ನಕ್ಕರು."

ಕಾಲನ್ನು ಒರೆಸಿ, ಮೆಷಿನ್ನನ್ನು ಮೂಲೆಗೆ ಸರಿಸಿ, ಅಪ್ಪನ ರಸಮಟ್ಟವನ್ನು ನೆತ್ತಿಯ ಮೇಲಿಟ್ಟು ಗುಳ್ಳೆ ನಡುವಿಗೆ ಬರುವವರೆಗೆ ಕಾಲುಗಳನ್ನು ಸರಿಹೊಂದಿಸಿದಳು. ಒದ್ದೆ ಬಟ್ಟೆಯನ್ನು ಮತ್ತೆ ತುಂಬಿದಳು. ಚೀಲದ ತಳದಿಂದ ಸ್ಟೀಲ್ ಲೋಟವನ್ನು ತೆಗೆದು, ಅಂಚಿನವರೆಗೆ ನೀರು ತುಂಬಿಟ್ಟಳು. ಮೆಷಿನ್ ಹೊರಳಿತು, ಗುನುಗಿತು, ಏರಿತು. ನೀರಿನ ಮೇಲೆ ಸಣ್ಣ ಸಣ್ಣ ಉಂಗುರಗಳು ಎದ್ದು ಅಂಚಿಗೆ ತಲುಪುವ ಮೊದಲೇ ಅಡಗಿದವು. ಮೂವರೂ ಲೋಟವನ್ನೇ ನೋಡಿದರು. ನಿಂತ ಮೇಲೆ ತೇಜಸ್ವಿನಿ ಆ ಲೋಟವನ್ನು ಎತ್ತಿಕೊಂಡಳು. ತುಳಸಿಗೆ ಅರ್ಧ ಸುರಿದು, ಉಳಿದರ್ಧವನ್ನು ಕುಡಿದಳು.

ದೀಪಕ್ಕೆ ಎಣ್ಣೆ ಹಾಕುವ ಹೊತ್ತಿಗೆ ಆರ್.ಟಿ. ನಗರದಲ್ಲಿದ್ದಳು. ಮುನಿಯಲ್ಲಪ್ಪ ಗೇಟಿನಲ್ಲೇ ನಿಂತಿದ್ದರು. ಕೈ ಚಾಚಿ ಚೀಲವನ್ನು ಇಸಿದುಕೊಂಡರು. ರಾಣಿ ಕೇಳಿದಳು, "ಬೋಲ್ಟಾ?"

"ಅಲ್ಲಮ್ಮ."

ಅವಳು ಅಪ್ಪನ ಡೈರಿಯನ್ನು ತೆಗೆದು ದೀಪದ ಬಳಿ ಕುಳಿತಳು. ಗುರುವಾರದ ಪುಟದಲ್ಲಿ ಅಂಕುಡೊಂಕಾದ ಅಕ್ಷರಗಳಿದ್ದವು: ಗೌರಮ್ಮ, ಸಹಕಾರನಗರ. ಶಾಕ್ ಅಬ್ಸಾರ್ಬರ್ ಜೋಡಿ. ಬಲ: ನಾನು. ಎಡ: ತೇಜಸ್ವಿನಿ. ಲೋಟ: ಸರಿ.

ಅದರ ಕೆಳಗೆ, ಗೆರೆ ಎಳೆದು, ಅವಳು ಬರೆದಳು:

೧೫-೧೧-೨೦೧೪, ಶನಿವಾರ, ಸಂಜೆ ೫.೫೦. ಎಡ ಬೋಲ್ಟ್: ಬಿಗಿ. ಬಲ ಬೋಲ್ಟ್: ಬಿಗಿ. ಲೋಟ: ಸರಿ. ಕಾರಣ: ನಿಂಬೆಹಣ್ಣು, ಒಂದು.